ಅತ್ತೆಯ ನೀಲಿ ಪಂಪ್ ಮೇಲೆ ಮನೆಮಂದಿಯ ಜಗಳ

ನಮ್ಮ ಮನೆಯವರ ಗುಂಪಿನಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ತಿಪಟೂರು ಚಿಕ್ಕಪ್ಪ: (ಫಾರ್ವರ್ಡ್) ಇನ್ಹೇಲರ್ ಬಳಸುವವರೇ ಎಚ್ಚರ! ದಿನಾ ಎಳೆದರೆ ಶ್ವಾಸಕೋಶದ ರಿಸೆಪ್ಟರ್‌ಗಳು ಸತ್ತು ಹೋಗುತ್ತವೆ. ಆಮೇಲೆ ಯಾವ ಔಷಧಿಯೂ ಹಿಡಿಯಲ್ಲ. ಇವತ್ತೇ ನಿಲ್ಲಿಸಿ!

ಮಧುಗಿರಿ ಅತ್ತೆ: ಅಯ್ಯೋ, ನನಗೂ ಈಚೆಗೆ ಮೊದಲಿನಷ್ಟು ಸಲೀಸಾಗುತ್ತಿಲ್ಲ. ನಾಳೆಯಿಂದ ಪಂಪ್ ಬಿಟ್ಟುಬಿಡುತ್ತೇನೆ.

ನಾನು: ಬಿಡಬೇಡಿ ಅತ್ತೆ! ಚಿಕ್ಕಪ್ಪ, ಇದು ಪೂರ್ತಿ ಸುಳ್ಳಾಗಿದ್ದರೆ ಸುಮ್ನೆ ಇರುತ್ತಿದ್ದೆ. ಅರ್ಧ ನಿಜ, ಅದಕ್ಕೇ ಭಯ.

ಚಿಕ್ಕಪ್ಪ: ಅರ್ಧ ಒಪ್ಪಿಕೊಂಡೆ ಅಲ್ವಾ? ಎಂಎಸ್ಸಿ ಓದಿದವಳು, ಬಿಡಿಸಿ ಹೇಳು.

ನಾನು: ರಿಸೆಪ್ಟರ್ ಅಂದರೆ ಜೀವಕೋಶದ ಮೈಮೇಲಿರುವ ಒಂದು ಪ್ರೊಟೀನ್. ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಬಂದು ಬೀಟಾ-2 ರಿಸೆಪ್ಟರಿಗೆ ಅಂಟುತ್ತದೆ. ಶ್ವಾಸನಾಳದ ಸುತ್ತಲಿನ ಸ್ನಾಯು ಸಡಿಲವಾಗುತ್ತದೆ, ಉಸಿರು ಸರಾಗ. ಮೇಲಿಂದ ಮೇಲೆ ಅಂಟುತ್ತಿದ್ದರೆ ಒಂದು ಕಿಣ್ವ ಆ ರಿಸೆಪ್ಟರಿನ ಒಳಬಾಲಕ್ಕೆ ಫಾಸ್ಫೇಟ್ ಸೇರಿಸುತ್ತದೆ. ಆ ಗುರುತು ಹಿಡಿದು ಅರೆಸ್ಟಿನ್ ಎಂಬ ಇನ್ನೊಂದು ಪ್ರೊಟೀನ್ ಬಂದು ಅಡ್ಡ ಕೂರುತ್ತದೆ. ಔಷಧಿಯ ಮಾತು ಒಳಗೆ ಮುಟ್ಟುವುದಿಲ್ಲ. ಆಮೇಲೆ ಕೋಶ ಆ ರಿಸೆಪ್ಟರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ.

ಚಿಕ್ಕಪ್ಪ: ಅಂದರೆ ಕೊಬ್ಬರಿ ಜಾಸ್ತಿ ಬಂದ ದಿನ ಮಂಡಿಯವರು ಶಟರ್ ಎಳೆದ ಹಾಗೆ. ಇದನ್ನೆಲ್ಲ ಯಾರು ನೋಡಿದ್ದಾರಂತೆ?

ನಾನು: ಇದೇ ಜಾತಿಯ ರಿಸೆಪ್ಟರ್‌ಗಳ ಕೆಲಸಕ್ಕೇ ಲೆಫ್ಕೊವಿಟ್ಸ್, ಕೊಬಿಲ್ಕಾ ಅವರಿಗೆ 2012ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ದೊಡ್ಡಮ್ಮ: ನೊಬೆಲ್ ಇರಲಿ ಮಗಳೇ. ಒಳಗೆ ಹೋದದ್ದು ವಾಪಸ್ ಬರುತ್ತದೋ ಇಲ್ಲವೋ?

ನಾನು: ಬರುತ್ತದೆ ದೊಡ್ಡಮ್ಮ. ಫಾಸ್ಫೇಟ್ ಕಳಚಿದರೆ ಮತ್ತೆ ಮೇಲಕ್ಕೆ. ಆದರೆ ಔಷಧಿ ಬಿಡುವಿಲ್ಲದೆ ಬೀಳುತ್ತಿದ್ದರೆ ಕೆಲವಕ್ಕೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೊಟೀನ್ ಅಂಟುತ್ತದೆ. ಅವನ್ನು ಕೋಶ ಅರಗಿಸಿಬಿಡುತ್ತದೆ. ಆಮೇಲೆ ಹೊಸದು ತಯಾರಾಗಬೇಕು. ಅದಕ್ಕೆ ಸಕ್ಕರೆ ಕೊಂಡಿಗಳು ಸೇರಿದರೇ ಮೇಲ್ಮೈಗೆ ಸರಿಯಾಗಿ ಬರುವುದು.

ಚಿಕ್ಕಪ್ಪ: ಸಕ್ಕರೆನಾ? ಅಕ್ಕನಿಗೆ ಶುಗರ್ ಬೇರೆ ಇದೆ!

ನಾನು: ಕಾಫಿಗೆ ಹಾಕುವ ಸಕ್ಕರೆ ಅಲ್ಲ ಚಿಕ್ಕಪ್ಪ 🙏

ಚಿಕ್ಕಪ್ಪ: ಸರಿ, ನಿನ್ನ ಮಾತಿನಲ್ಲೇ ಹೇಳುತ್ತೇನೆ. ಎಳೆದರೆ ರಿಸೆಪ್ಟರ್ ಕಡಿಮೆ, ಬಿಟ್ಟರೆ ವಾಪಸ್. ಫಾರ್ವರ್ಡ್ ಹೇಳಿದ್ದೂ ಅದೇ ತಾನೇ?

(ಒಳ್ಳೆಯ ಪಾಯಿಂಟೇ. ಉತ್ತರ ಟೈಪ್ ಮಾಡುವಷ್ಟರಲ್ಲಿ ನಾಲ್ಕು ಜನ ಹೆಬ್ಬೆರಳು ಒತ್ತಿದ್ದರು.)

ನಾನು: ರಿಸೆಪ್ಟರ್ ವಾಪಸ್ ಬರುವುದನ್ನು ಕಾಯುತ್ತಾ ಕೂತರೆ ಉಬ್ಬಸ ಕಾಯುತ್ತದಾ? ಅಸ್ತಮಾದಲ್ಲಿ ಶ್ವಾಸನಾಳದ ಒಳಗೋಡೆ ಊದಿಕೊಂಡಿರುತ್ತದೆ. ನೀಲಿ ಪಂಪ್ ಆ ಊತ ಇಳಿಸಲ್ಲ. ಇಳಿಸುವುದು ಸ್ಟೀರಾಯ್ಡ್ ಪಂಪ್. ಜೊತೆಗೆ ಅದು ಬೀಟಾ-2 ರಿಸೆಪ್ಟರನ್ನು ಜಾಸ್ತಿ ತಯಾರಿಸುವಂತೆಯೂ ಕೋಶಕ್ಕೆ ಹೇಳುತ್ತದೆ. ನಿಮ್ಮ ಫಾರ್ವರ್ಡ್ ಅದನ್ನೂ ಸೇರಿಸಿ ನಿಲ್ಲಿಸಿ ಅನ್ನುತ್ತಿದೆ. ದೊಡ್ಡವರಿಗೆ ಬರೀ ನೀಲಿ ಪಂಪ್ ಸಾಲದು ಅಂತ ಗಿನಾ ಎಂಬ ಅಂತಾರಾಷ್ಟ್ರೀಯ ಅಸ್ತಮಾ ತಜ್ಞರ ಗುಂಪು 2019ರಲ್ಲೇ ಹೇಳಿದೆ. ಅತ್ತೆ, ನಿಮ್ಮ ಇನ್ನೊಂದು ಪಂಪ್ ಎಲ್ಲಿ?

ಅತ್ತೆ: ಫ್ರಿಜ್ ಮೇಲಿದೆ. ಎಳೆದರೆ ಏನೂ ಗೊತ್ತಾಗುತ್ತಿರಲಿಲ್ಲ, ಗಂಟಲು ಬೇರೆ ಕೆರೆಯುತ್ತಿತ್ತು. ನೀಲಿ ಆದರೆ ತಕ್ಷಣ ಆರಾಮ.

ನಾನು: ಅದು ನಿಧಾನಕ್ಕೆ ಕೆಲಸ ಮಾಡುವುದು. ದಿನಾ ತಪ್ಪದೆ ಎಳೆಯಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು.

ಚಿಕ್ಕಪ್ಪ: ಅಕ್ಕಾ, ಇಷ್ಟು ದಿನ ಒಂದೇ ಪಂಪಿನಲ್ಲಿ ಇದ್ದೀಯಾ? ಶುಕ್ರವಾರ ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಫಾರ್ವರ್ಡ್ ಮಾತ್ರ ಡಿಲೀಟ್ ಮಾಡಲ್ಲ.

ಅತ್ತೆ: ಆ ಪಂಪಿನ ಡೇಟ್ ಮುಗಿದಿದೆಯಲ್ಲೇ.

ನಾನು: ಹೊಸದು ಬರೆಸಿಕೊಳ್ಳಿ. ಅಲ್ಲಿಯವರೆಗೆ ನೀಲಿಯದು ಕೈಗೆ ಸಿಗುವ ಹಾಗಿರಲಿ. ಎಳೆದರೂ ಉಸಿರಾಡಲು ಕಷ್ಟವಾದರೆ ಶುಕ್ರವಾರದ ತನಕ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.