ಪ್ರಶ್ನೋತ್ತರ: ರಸ್ತೆ ಸ್ವಚ್ಛ, ಬಸ್ಸಿಗೆ ಹೋಗುವ ದಾರಿ ಮಾತ್ರ ಬಂದ್

ಪ್ರಶ್ನೆ (ಕೆನಡಾದ ಒಂಟಾರಿಯೋ ಪ್ರಾಂತ್ಯದ ನಿವಾಸಿ)

ಈ ಗುಂಪಿನಲ್ಲಿ ರಸ್ತೆ ನಿರ್ವಹಣೆಯ ಕೆಲಸ ಬಲ್ಲವರು, ಕಾನೂನು ಬಲ್ಲವರು ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಾವಿರುವುದು ಒಂಟಾರಿಯೋದ ಒಂದು ಮಧ್ಯಮ ಗಾತ್ರದ ನಗರದಲ್ಲಿ. ಈಚಿನ ಹಿಮಪಾತದ ನಂತರ ಮುಖ್ಯರಸ್ತೆ ಮರುದಿನ ಬೆಳಿಗ್ಗೆಯೇ ಡಾಂಬರು ಕಾಣುವಷ್ಟು ಸ್ವಚ್ಛವಾಗಿತ್ತು. ಫುಟ್‌ಪಾತಿನ ಮೇಲೂ ಸಣ್ಣ ಯಂತ್ರವೊಂದು ಹಾದುಹೋಗಿತ್ತು. ಆದರೆ ಎರಡರ ನಡುವೆ, ಸರಿಯಾಗಿ ಬಸ್ ನಿಲ್ಲುವ ಜಾಗದಲ್ಲಿ, ಮೊಣಕಾಲೆತ್ತರದ ಹಿಮದ ದಿಣ್ಣೆ. ರಸ್ತೆ ದಾಟುವ ಮೂಲೆಯಲ್ಲೂ ಅದೇ. ಬಸ್ ಹತ್ತಬೇಕಾದರೆ ದಿಣ್ಣೆ ಏರಬೇಕು, ಇಲ್ಲವೇ ವಾಹನಗಳ ನಡುವೆ ರಸ್ತೆಯಲ್ಲೇ ನಿಂತು ಕಾಯಬೇಕು.

ಹಾಸನದಿಂದ ನಮ್ಮಲ್ಲಿಗೆ ಬಂದಿರುವ ಅತ್ತೆ ನನ್ನ ಕೈ ಹಿಡಿದುಕೊಂಡೇ ಅದನ್ನು ದಾಟಲು ಹೋದರು. ಮೇಲಿನ ಪದರ ಗಟ್ಟಿ, ಕೆಳಗೆ ಟೊಳ್ಳು. ಕಾಲು ಮೊಣಕಾಲವರೆಗೆ ಹುಗಿದು ಮುಂದಕ್ಕೆ ಬಿದ್ದರು. ಮಣಿಕಟ್ಟಿನ ಮೂಳೆ ಮುರಿದಿದೆ. ಭೇಟಿಗೆಂದು ಬಂದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ ಅನ್ವಯಿಸುವುದಿಲ್ಲ. ನಾವು ಖಾಸಗಿ ವಿಮೆ ಮಾಡಿಸಿದ್ದರಿಂದ ಹಣದ ಮಟ್ಟಿಗೆ ಬಚಾವಾದೆವು. ನಗರದ ಸಹಾಯವಾಣಿಗೆ ದೂರು ಕೊಟ್ಟೆ. “ಕೆಲಸ ಪೂರ್ಣಗೊಂಡಿದೆ, ದೂರು ಮುಕ್ತಾಯ” ಎಂದು ಮೊಬೈಲಿಗೆ ಸಂದೇಶ ಬಂತು. ಆ ಸಂದೇಶ ಓದುವಾಗ ನಾನು ಅದೇ ದಿಣ್ಣೆಯ ಪಕ್ಕದಲ್ಲಿ ನಿಂತಿದ್ದೆ.

ಹಿಮ ಬೀಳುವುದನ್ನು ಯಾರೂ ತಡೆಯಲಾಗದು, ಒಪ್ಪುತ್ತೇನೆ. ಆದರೆ ಈ ದಿಣ್ಣೆ ಆಕಾಶದಿಂದ ಬಿದ್ದದ್ದಲ್ಲ, ನಗರದ ಯಂತ್ರವೇ ತಂದು ಹಾಕಿದ್ದು. ಇದಕ್ಕೆ ಯಾವ ನಿಯಮವೂ ಇಲ್ಲವೇ? ಯಾರನ್ನು, ಹೇಗೆ ಕೇಳಬೇಕು?

ಉತ್ತರ (ರಸ್ತೆ ನಿರ್ವಹಣಾ ಎಂಜಿನಿಯರ್)

ಅತ್ತೆಯವರು ಬೇಗ ಗುಣವಾಗಲಿ. ಒಂದು ತುರ್ತು ಮಾತು: ಅವರು ಬಿದ್ದ ದಿನಾಂಕ, ಸಮಯ ಮತ್ತು ಜಾಗವನ್ನು ಈಗಲೇ ಬರೆದಿಟ್ಟುಕೊಳ್ಳಿ, ದಿಣ್ಣೆ ಕರಗುವ ಮೊದಲೇ ಚಿತ್ರ ತೆಗೆಯಿರಿ. ಹತ್ತು ದಿನಗಳ ಗಡುವೊಂದಿದೆ. ಅದನ್ನು ಗುಂಪಿನ ವಕೀಲರು ವಿವರಿಸುತ್ತಾರೆ.

ಈ ದಿಣ್ಣೆ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಅದು ಗೊತ್ತಿದ್ದರೆ ನಿಮ್ಮ ದೂರು ಸರಿಯಾದ ಜಾಗಕ್ಕೆ ತಾಗುತ್ತದೆ. ರಸ್ತೆಯ ಪ್ಲೋ ಲಾರಿಯ ಅಲಗು ಓರೆಯಾಗಿರುತ್ತದೆ. ಹಿಮವನ್ನು ಬಲಕ್ಕೆ ಸರಿಸುತ್ತಾ ಹೋಗುವುದಷ್ಟೇ ಅದರ ಕೆಲಸ. ಬಲಕ್ಕಿರುವುದು ನಿಮ್ಮ ಫುಟ್‌ಪಾತಿನ ಅಂಚು, ಬಸ್ ನಿಲ್ದಾಣ, ಮನೆಯ ಮುಂದಿನ ಕಾರಿನ ದಾರಿ. ಅನೇಕ ನಗರಗಳಲ್ಲಿ ರಸ್ತೆಗೊಂದು ತಂಡ, ಫುಟ್‌ಪಾತಿಗೊಂದು ತಂಡ, ಬಸ್ ನಿಲ್ದಾಣಕ್ಕೆ ಮತ್ತೊಂದು. ಕೆಲವೆಡೆ ಮೂವರೂ ಬೇರೆ ಬೇರೆ ಗುತ್ತಿಗೆದಾರರು. ಫುಟ್‌ಪಾತಿನ ಯಂತ್ರ ಬೆಳಗಿನ ಜಾವ ಬಂದು ದಾರಿ ಬಿಡಿಸುತ್ತದೆ. ಎರಡು ಗಂಟೆ ಕಳೆದು ರಸ್ತೆಯ ಲಾರಿ ಕೊನೆಯ ಸುತ್ತು ಹೊಡೆದು ಅದೇ ಮೂಲೆಯನ್ನು ಮುಚ್ಚುತ್ತದೆ. ಇಬ್ಬರ ದಾಖಲೆಯಲ್ಲೂ ಕೆಲಸ ಮುಗಿದಿದೆ. ನಿಮಗೆ ಬಂದ ಸಂದೇಶದ ಹಿಂದೆ ಇರುವುದು ಬಹುಶಃ ಇದೇ. ಮೂಲೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಚಾಲಕರನ್ನು ಬೈಯಬೇಡಿ, ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸುವವರು ಅವರು. ಕೆಲಸವನ್ನು ಹೀಗೆ ತುಂಡು ಮಾಡಿ ಹಂಚಿದವರನ್ನು ಕೇಳಬೇಕು.

ಆ ದಿಣ್ಣೆ ಅಷ್ಟು ಗಟ್ಟಿ ಏಕೆ ಎಂದೂ ತಿಳಿದಿರಲಿ. ಆಗಷ್ಟೇ ಬಿದ್ದ ಹಿಮ ಒಂದು ಘನ ಮೀಟರಿಗೆ ಸಾಮಾನ್ಯವಾಗಿ 100 ಕಿಲೋ ಆಸುಪಾಸು ಅಥವಾ ಅದಕ್ಕಿಂತ ಹಗುರ. ಪ್ಲೋ ಅದನ್ನು ಪುಡಿಮಾಡಿ ಅದುಮಿದ ಮೇಲೆ 400 ಕಿಲೋ ದಾಟಬಹುದು. ಪುಡಿಯಾದ ಹರಳುಗಳು ಒಂದಕ್ಕೊಂದು ಅಂಟಿ ಬೆಸೆದುಕೊಳ್ಳುತ್ತವೆ, ಮೇಲೆ ರಸ್ತೆಯ ಉಪ್ಪುನೀರು ಚಿಮ್ಮಿ ರಾತ್ರಿ ಹೆಪ್ಪುಗಟ್ಟುತ್ತದೆ. ಆರಂಭದ ಕೆಲವು ಗಂಟೆಗಳಲ್ಲಿ ಸಲಿಕೆಗೆ ಬಗ್ಗುವುದು ಮರುದಿನ ಯಂತ್ರವನ್ನೇ ಬೇಡುತ್ತದೆ. ಆದ್ದರಿಂದ “ಆಮೇಲೆ ನೋಡೋಣ” ಎಂಬ ಧೋರಣೆ ಇಲ್ಲಿ ನಡೆಯುವುದೇ ಇಲ್ಲ.

ನಿಯಮ ಇದೆ. ಒಂಟಾರಿಯೋದಲ್ಲಿ 239/02 ಸಂಖ್ಯೆಯ ನಿಯಮಾವಳಿ ನಗರಗಳ ರಸ್ತೆ ನಿರ್ವಹಣೆಗೆ ಕನಿಷ್ಠ ಮಾನದಂಡ ಹಾಕಿಕೊಟ್ಟಿದೆ. ಅತಿ ದಟ್ಟಣೆಯ ಒಂದನೇ ದರ್ಜೆಯ ರಸ್ತೆಯಲ್ಲಿ ಹಿಮ ಬೀಳುವುದು ನಿಂತ 4 ಗಂಟೆಯೊಳಗೆ ಅದರ ಆಳ 2.5 ಸೆಂಟಿಮೀಟರಿಗೆ ಇಳಿಯಬೇಕು. ಐದನೇ ದರ್ಜೆಯ ರಸ್ತೆಗೆ 10 ಸೆಂಟಿಮೀಟರ್, 24 ಗಂಟೆ. ಫುಟ್‌ಪಾತಿಗೆ ಮಾನದಂಡ ಸೇರಿದ್ದೇ 2018ರಲ್ಲಿ: 48 ಗಂಟೆಯೊಳಗೆ 8 ಸೆಂಟಿಮೀಟರಿಗೆ ಇಳಿಸಬೇಕು, ಕನಿಷ್ಠ ಒಂದು ಮೀಟರ್ ಅಗಲಕ್ಕೆ. ಅಂದರೆ 8 ಸೆಂಟಿಮೀಟರ್ ಹಿಮ ಹಾಗೇ ಉಳಿದಿದ್ದರೂ ಕಾನೂನಿನ ಕಣ್ಣಿನಲ್ಲಿ ಫುಟ್‌ಪಾತ್ ಸುಸ್ಥಿತಿಯಲ್ಲಿದೆ! ಅಷ್ಟು ಹಿಮದಲ್ಲಿ ಗಾಲಿಕುರ್ಚಿ ಉರುಳುವುದಿಲ್ಲ, ಮಗುವಿನ ಗಾಡಿ ಹೂತುಹೋಗುತ್ತದೆ. ಇದನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ನಡೆಯುವವರಲ್ಲ, ನಗರಗಳ ಮೇಲೆ ಬೀಳುವ ಮೊಕದ್ದಮೆಗಳು ಎಂದೇ ನನ್ನ ಅಭಿಪ್ರಾಯ. ನಿಮ್ಮ ನಗರ ಇದಕ್ಕಿಂತ ಉತ್ತಮ ಮಟ್ಟವನ್ನು ತನಗೆ ತಾನೇ ಹಾಕಿಕೊಂಡಿರಬಹುದು. ಕೌನ್ಸಿಲ್ ಅಂಗೀಕರಿಸಿದ ಚಳಿಗಾಲದ ನಿರ್ವಹಣಾ ನೀತಿಯನ್ನು ನಗರದ ಜಾಲತಾಣದಲ್ಲಿ ಹುಡುಕಿ ಓದಿ.

ಇನ್ನೊಂದು ಕಿಂಡಿ ಇದೆ. ನಗರ “ಗಂಭೀರ ಹವಾಮಾನ ಪರಿಸ್ಥಿತಿ” ಎಂದು ಘೋಷಿಸಿದರೆ, ಅದು ಮುಗಿಯಿತು ಎಂದು ಘೋಷಿಸುವವರೆಗೂ ಈ ಗಡಿಯಾರ ಓಡುವುದಿಲ್ಲ. ನಿಮ್ಮ ಅತ್ತೆ ಬಿದ್ದ ದಿನ ಅಂಥ ಘೋಷಣೆ ಜಾರಿಯಲ್ಲಿತ್ತೇ ಎಂದು ನೋಡಿಕೊಳ್ಳಿ.

ಮತ್ತೊಬ್ಬ ಸದಸ್ಯರು

ನಮ್ಮ ಕಡೆ ದಿಣ್ಣೆಯ ಸಮಸ್ಯೆಯಿಲ್ಲ, ಉಪ್ಪಿನದು. ಬೇಕಾಬಿಟ್ಟಿ ಸುರಿಯುತ್ತಾರೆ, ಬೂಟಿನ ಕೆಳಗೆ ಕರಕರ ಎನ್ನುತ್ತದೆ. ಆದರೂ ಬೆಳಿಗ್ಗೆ ಶಾಲೆಯ ದಾರಿ ಗಾಜಿನಂತೆ ಜಾರುತ್ತದೆ. ಏಕೆ?

ಎಂಜಿನಿಯರ್

ಉಪ್ಪು ಹಿಮವನ್ನು ಕರಗಿಸಬೇಕಾದರೆ ಮೊದಲು ತಾನು ನೀರಿನಲ್ಲಿ ಕರಗಬೇಕು. ಸೊನ್ನೆಯ ಆಸುಪಾಸಿನಲ್ಲಿ ಅದು ಚುರುಕು. ನೆಲದ ಉಷ್ಣತೆ ಮೈನಸ್ 10 ಡಿಗ್ರಿ ಸಮೀಪಿಸುತ್ತಿದ್ದಂತೆ ಸಾಮಾನ್ಯ ಕಲ್ಲುಪ್ಪು ಮಂದವಾಗುತ್ತದೆ, ಮೈನಸ್ 18ರ ಸುಮಾರಿಗೆ ಕೈಚೆಲ್ಲುತ್ತದೆ. ಆಗ ಎಷ್ಟು ಸುರಿದರೂ ಕಾಳುಗಳು ಮಂಜುಗಡ್ಡೆಯ ಮೇಲೆ ಸುಮ್ಮನೆ ಕುಳಿತಿರುತ್ತವೆ; ನಿಮ್ಮ ಬೂಟಿನ ಕೆಳಗೆ ಕರಕರ ಎನ್ನುವುದು ಅವೇ. ಅಂಥ ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಬೇಕು, ಇಲ್ಲವೇ ಮರಳು ಚೆಲ್ಲಬೇಕು. ಮರಳು ಏನನ್ನೂ ಕರಗಿಸದು, ಕಾಲಿಗೆ ಹಿಡಿತ ಕೊಡುತ್ತದೆ, ಅಷ್ಟು ಸಾಕು. ಹಿಮ ಬೀಳುವ ಮೊದಲೇ ಶೇಕಡ 23ರಷ್ಟು ಗಾಢತೆಯ ಉಪ್ಪುನೀರನ್ನು ತೆಳ್ಳಗೆ ಸಿಂಪಡಿಸಿದರೆ ಹಿಮ ನೆಲಕ್ಕೆ ಅಂಟುವುದೇ ಇಲ್ಲ. ಕಡಿಮೆ ಉಪ್ಪಿನಲ್ಲಿ ಹೆಚ್ಚು ಕೆಲಸ.

ಬೆಳಿಗ್ಗೆಯ ಜಾರಿಕೆಗೆ ಕಾರಣ ಬೇರೆಯೂ ಇರಬಹುದು. ಫುಟ್‌ಪಾತಿನ ಪಕ್ಕ, ಮೇಲಿನ ಮಗ್ಗುಲಿಗೆ ರಾಶಿ ಹಾಕಿದ ಹಿಮ ಮಧ್ಯಾಹ್ನದ ಬಿಸಿಲಿಗೆ ಕರಗಿ ಅಡ್ಡಲಾಗಿ ಹರಿಯುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಚರಂಡಿಯ ಬಾಯಿ ಹಿಮದಡಿ ಮುಚ್ಚಿದ್ದರೆ ನೀರಿಗೆ ಬೇರೆ ದಾರಿಯೇ ಇರುವುದಿಲ್ಲ. ಒಮ್ಮೆ ಸಂಜೆಯ ಹೊತ್ತು ಹೋಗಿ ನೀರು ಎಲ್ಲಿಂದ ಬರುತ್ತಿದೆ ನೋಡಿ. “ಜಾರುತ್ತಿದೆ” ಎಂದು ದೂರುವುದಕ್ಕಿಂತ “ಇಂಥ ಚರಂಡಿ ಮುಚ್ಚಿದೆ” ಎಂದು ದೂರಿದರೆ ಕೆಲಸವಾಗುತ್ತದೆ. ಉಪ್ಪನ್ನು ಅತಿಯಾಗಿ ಸುರಿಯುವುದು ಸುರಕ್ಷತೆಯೂ ಅಲ್ಲ. ರಸ್ತೆಯ ಉಪ್ಪು ಪರಿಸರಕ್ಕೆ ಹಾನಿಕರ ಎಂದು ಕೆನಡಾ ಸರ್ಕಾರ 2001ರಲ್ಲೇ ತೀರ್ಮಾನಿಸಿತ್ತು. ಕೆರೆ ತೊರೆ ಸೇರಿದ ಕ್ಲೋರೈಡನ್ನು ಹಿಂದಕ್ಕೆ ತೆಗೆಯುವ ಸುಲಭದ ಉಪಾಯವಿಲ್ಲ.

ಉತ್ತರ (ವಕೀಲರು)

ಮೂಲ ಪ್ರಶ್ನೆಗೆ ಬರುತ್ತೇನೆ. ಇದು ಸಾಮಾನ್ಯ ಮಾಹಿತಿ. ನಿಮ್ಮ ಪ್ರಕರಣದ ಕಾಗದಪತ್ರ ನೋಡಿದ ವಕೀಲರ ಸಲಹೆ ಪಡೆಯಲೇಬೇಕು.

ಒಂಟಾರಿಯೋದ 2001ರ ಪುರಸಭಾ ಕಾಯ್ದೆಯ 44ನೇ ಕಲಂ ನಗರದ ಮೇಲೆ ರಸ್ತೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಹೊರಿಸುತ್ತದೆ. ಗಾಯಗೊಂಡವರು 10 ದಿನದೊಳಗೆ ನಗರದ ಕ್ಲರ್ಕ್ ಅವರಿಗೆ ಲಿಖಿತ ಸೂಚನೆ ಕೊಡಬೇಕು: ಏನಾಯಿತು, ಎಂದು, ಎಷ್ಟು ಹೊತ್ತಿಗೆ, ಎಲ್ಲಿ. ಕ್ಲರ್ಕ್ ಎಂದರೆ ಗುಮಾಸ್ತರಲ್ಲ, ನಗರದ ಶಾಸನಬದ್ಧ ಅಧಿಕಾರಿ. ಸಹಾಯವಾಣಿಗೆ ಕೊಟ್ಟ ದೂರನ್ನು ಈ ಸೂಚನೆ ಎಂದು ನಂಬಿ ಕೂರಬೇಡಿ. ಗಡುವು ಮೀರಿದರೆ, ವಿಳಂಬಕ್ಕೆ ತಕ್ಕ ಕಾರಣವಿದ್ದು ನಗರದ ಪ್ರತಿವಾದಕ್ಕೆ ಧಕ್ಕೆಯಾಗಿಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ದಾರಿಯಿದೆ. ಟೊರೊಂಟೊಗೆ ಪ್ರತ್ಯೇಕ ಕಾಯ್ದೆ ಇದೆ, ಅಲ್ಲೂ 10 ದಿನವೇ.

ಎರಡನೆಯ ಅಡ್ಡಿ ದೊಡ್ಡದು. ಫುಟ್‌ಪಾತಿನ ಹಿಮ ಅಥವಾ ಮಂಜುಗಡ್ಡೆಯಿಂದಾದ ಗಾಯಕ್ಕೆ ನಗರ ಹೊಣೆಯಾಗುವುದು ಅದರ ನಿರ್ಲಕ್ಷ್ಯ “ಘೋರ” ಎಂದು ಸಾಬೀತಾದಾಗ ಮಾತ್ರ. ಸಣ್ಣಪುಟ್ಟ ಲೋಪ ಸಾಲದು. ರಸ್ತೆಯ ಭಾಗಕ್ಕೆ ಅಷ್ಟು ಕಠಿಣ ಅಳತೆಗೋಲಿಲ್ಲ. ಅತ್ತೆಯವರು ಬಿದ್ದ ಆ ಅಂಚು ಫುಟ್‌ಪಾತೋ ರಸ್ತೆಯೋ ಎಂಬುದೇ ವಾದದ ವಿಷಯವಾಗಬಹುದು. ಆದ್ದರಿಂದ ದಿಣ್ಣೆಯ ಚಿತ್ರ ತೆಗೆಯುವಾಗ ಅಂಚುಗಲ್ಲು, ಬಸ್ ಕಂಬ, ಹತ್ತಿರದ ಮನೆ ಸಂಖ್ಯೆ ಕಾಣುವಂತಿರಲಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ.

ನಗರದ ಯಂತ್ರವೇ ತಂದು ಹಾಕಿದ್ದು ಎಂದಿರಲ್ಲ, ಅದಕ್ಕೆ ತುಂಬ ಹತ್ತಿರದ ಪ್ರಕರಣವೊಂದಿದೆ. 2015ರ ಜನವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನೆಲ್ಸನ್ ನಗರದಲ್ಲಿ ಭಾರಿ ಹಿಮ ಬಿದ್ದಿತ್ತು. ಸಿಬ್ಬಂದಿ ಪೇಟೆಬೀದಿಯ ವಾಹನ ನಿಲುಗಡೆ ಜಾಗಗಳನ್ನು ತೆರವುಗೊಳಿಸಿ, ಹಿಮವನ್ನು ಫುಟ್‌ಪಾತಿನ ಅಂಚಿಗೆ ಉದ್ದಕ್ಕೂ ದಿಣ್ಣೆಯಾಗಿ ಒಟ್ಟಿದ್ದರು. ನಡುವೆ ಎಲ್ಲೂ ದಾರಿ ಬಿಟ್ಟಿರಲಿಲ್ಲ. ಕಾರು ನಿಲ್ಲಿಸಿದ ಮಹಿಳೆಯೊಬ್ಬರು ದಿಣ್ಣೆ ದಾಟಲು ಹೋಗಿ ಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡರು. ಹಿಮ ತೆರವು ತನ್ನ ನೀತಿಯ ವಿಷಯ, ನ್ಯಾಯಾಲಯ ಕೈಹಾಕುವಂತಿಲ್ಲ ಎಂದು ನಗರ ವಾದಿಸಿತು. 2021ರ ಅಕ್ಟೋಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ನಿಲುಗಡೆ ಜಾಗಕ್ಕೆ ಜನರನ್ನು ಕರೆದು ಹೊರಹೋಗುವ ದಾರಿ ಬಿಡದ ತೀರ್ಮಾನ ಮೂಲಭೂತ ನೀತಿಯಲ್ಲ, ದಿನನಿತ್ಯದ ಕೆಲಸದ ರೀತಿ; ಅದರಲ್ಲಿ ಎಚ್ಚರ ವಹಿಸುವ ಹೊಣೆ ನಗರಕ್ಕಿದೆ ಎಂದು ಹೇಳಿ ಮರುವಿಚಾರಣೆಗೆ ಆದೇಶಿಸಿತು. ಆ ಪ್ರಾಂತ್ಯದ ಕಾನೂನು ಬೇರೆ, “ಘೋರ ನಿರ್ಲಕ್ಷ್ಯ”ದ ಅಡ್ಡಿ ನಿಮಗೆ ಉಳಿದೇ ಇರುತ್ತದೆ. ಆದರೂ “ಇದು ನಮ್ಮ ನೀತಿ” ಎಂದು ನಗರ ಕೈತೊಳೆದುಕೊಳ್ಳುವ ಕಾಲ ಹೋಯಿತು.

ಇನ್ನೊಬ್ಬ ಸದಸ್ಯರು

ಬಿದ್ದದ್ದು ಅಂಗಡಿ ಸಂಕೀರ್ಣದ ಅಂಗಳದಲ್ಲಾದರೆ? ಮತ್ತೆ, ಪ್ಲೋ ನಮ್ಮ ಕಾರಿನ ದಾರಿಗೆ ಹಾಕಿದ ಹಿಮವನ್ನು ಮರಳಿ ರಸ್ತೆಗೇ ತಳ್ಳಿದರೆ ತಪ್ಪೇ?

ವಕೀಲರು

ಖಾಸಗಿ ಜಾಗವಾದರೆ 2021ರ ಜನವರಿ 29ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ 60 ದಿನದೊಳಗೆ ಲಿಖಿತ ಸೂಚನೆ ಕೊಡಬೇಕು, ಜಾಗದ ಸ್ವಾಧೀನ ಹೊಂದಿದವರಿಗೆ ಅಥವಾ ಹಿಮ ತೆಗೆಯುವ ಗುತ್ತಿಗೆದಾರರಿಗೆ. ಎರಡನೆಯದಕ್ಕೆ: ತಪ್ಪು. ಅನುಮತಿಯಿಲ್ಲದೆ ರಸ್ತೆಗೆ ಹಿಮ ಹಾಕುವುದನ್ನು ಒಂಟಾರಿಯೋದ ಹೆದ್ದಾರಿ ಸಂಚಾರ ಕಾಯ್ದೆಯೇ ನಿಷೇಧಿಸಿದೆ. ಸಿಟ್ಟು ಅರ್ಥವಾಗುತ್ತದೆ, ಆದರೆ ನಿಮ್ಮ ಹಿಮ ಮುಂದಿನ ಮನೆಯ ಫುಟ್‌ಪಾತಿನ ಮೂಲೆಗೆ ಹೋಗಿ ಕೂರುತ್ತದೆ.

ಮೂಲ ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹತ್ತು ದಿನ ಇನ್ನೂ ಮುಗಿದಿಲ್ಲ, ನಾಳೆಯೇ ಸೂಚನೆ ಕಳುಹಿಸುತ್ತೇನೆ. ನಮಗೆ ಪರಿಹಾರ ಸಿಗಲಿ ಬಿಡಲಿ, ಆ ನಿಲ್ದಾಣದಲ್ಲಿ ದಿನವೂ ವಾಕರ್ ಹಿಡಿದು ಬರುವ ಅಜ್ಜಿಯೊಬ್ಬರಿದ್ದಾರೆ. ಮುಂದಿನ ಹಿಮಪಾತಕ್ಕೆ ಮೊದಲು ಕೌನ್ಸಿಲರಿಗೆ ಏನೆಂದು ಬರೆಯಲಿ?

ಎಂಜಿನಿಯರ್

ಗೋಳು ಒಂದು ಸಾಲಿನಲ್ಲಿರಲಿ, ಉಳಿದದ್ದೆಲ್ಲ ಪ್ರಶ್ನೆಗಳಾಗಿರಲಿ. ಬಸ್ ನಿಲ್ದಾಣ ಮತ್ತು ರಸ್ತೆ ದಾಟುವ ಮೂಲೆಗಳ ಹಿಮ ತೆಗೆಯುವುದು ಯಾವ ತಂಡದ ಕೆಲಸ? ರಸ್ತೆಯ ಲಾರಿಯ ಕೊನೆಯ ಸುತ್ತಿನ ನಂತರ ಆ ಮೂಲೆಗಳನ್ನು ಮತ್ತೊಮ್ಮೆ ಬಿಡಿಸಬೇಕೆಂಬ ಷರತ್ತು ಗುತ್ತಿಗೆಯಲ್ಲಿದೆಯೇ? ದೂರನ್ನು ಮುಕ್ತಾಯಗೊಳಿಸುವ ಮೊದಲು ಯಾರಾದರೂ ಸ್ಥಳಕ್ಕೆ ಹೋಗಿ ನೋಡುತ್ತಾರೆಯೇ? ಉತ್ತರ ಹಾರಿಕೆಯದಾದರೆ ಪುರಸಭಾ ಮಾಹಿತಿ ಹಕ್ಕಿನ ಕಾಯ್ದೆಯಡಿ 5 ಡಾಲರ್ ಶುಲ್ಕ ಕಟ್ಟಿ ಅರ್ಜಿ ಹಾಕಿ. ಆ ದಿನ ಆ ರಸ್ತೆಯಲ್ಲಿ ಓಡಿದ ಪ್ಲೋಗಳ ಜಿಪಿಎಸ್ ದಾಖಲೆ ಮತ್ತು ಗಸ್ತು ಪುಸ್ತಕ ಕೇಳಿ. ಅಷ್ಟಕ್ಕೂ ಬಗ್ಗದಿದ್ದರೆ ಸಾರ್ವಜನಿಕರ ದೂರು ವಿಚಾರಿಸುವ ಪ್ರಾಂತ್ಯದ ಅಧಿಕಾರಿ, ಓಂಬುಡ್ಸ್‌ಮನ್ ಇದ್ದಾರೆ. 2016ರಿಂದ ಪುರಸಭೆಗಳ ಮೇಲಿನ ದೂರುಗಳೂ ಅವರ ವ್ಯಾಪ್ತಿಗೆ ಬರುತ್ತವೆ.

ಇದು ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ಸ್ವೀಡನ್ನಿನ ಕಾರ್ಲ್‌ಸ್ಕೂಗ ಪಟ್ಟಣದ ಉದಾಹರಣೆ ಕೊಡಿ. ಅಲ್ಲಿ ಹಿಮ ತೆಗೆಯುವ ಸರದಿಯನ್ನೇ ತಿರುಗಿಸಿ, ಶಿಶುವಿಹಾರದ ದಾರಿ, ಫುಟ್‌ಪಾತು, ಸೈಕಲ್ ಹಾದಿಗಳಿಂದ ಆರಂಭಿಸಿದರು. ನಾಲ್ಕು ಅಂಗುಲ ಹಿಮದಲ್ಲಿ ಕಾರು ಹೇಗೋ ಸಾಗುತ್ತದೆ. ಅದೇ ಹಿಮದಲ್ಲಿ ಮಗುವಿನ ಗಾಡಿ ತಳ್ಳಲಾಗದು ಎಂಬ ಸರಳ ತರ್ಕ ಅವರದು. ನಿಮ್ಮ ನಗರಕ್ಕೆ ಹೊಸ ಯಂತ್ರವೂ ಬೇಕಾಗಿಲ್ಲ, ಫುಟ್‌ಪಾತಿನ ತಂಡವನ್ನು ರಸ್ತೆಯ ತಂಡದ ನಂತರ ಇನ್ನೊಮ್ಮೆ ಕಳುಹಿಸಿದರೆ ಸಾಕು. ಹಣ ಖರ್ಚಾಗುತ್ತದೆ, ನಿಜ. ಈಗಲೂ ಆಗುತ್ತಿದೆ, ಆಸ್ಪತ್ರೆಯ ಲೆಕ್ಕದಲ್ಲಿ.

ವಕೀಲರು

ಒಂದು ಮಾತು ಬಿಟ್ಟುಹೋಗಿತ್ತು. ಕ್ಲರ್ಕ್ ಅವರಿಗೆ ಬರೆಯುವ ಸೂಚನೆಯನ್ನು ಇಮೇಲ್ ಮಾಡಿ ಸುಮ್ಮನಾಗಬೇಡಿ. ಖುದ್ದಾಗಿ ತಲುಪಿಸಬೇಕು ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅಂಚೆಯ ರಸೀದಿಯನ್ನು ಆಸ್ಪತ್ರೆಯ ಕಾಗದಗಳ ಜೊತೆಗೇ ಇಟ್ಟುಕೊಳ್ಳಿ.