ಕಂದನನ್ನು ಈಗಲೇ ಮಲಗಿಸಬೇಡ

ಮಗಳೇ, ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರದ, ಫೋಟೊ ನೋಡಿದೆ. ಬಹಳ ಚೆನ್ನಾಗಿದೆ. ಆದರೆ ಡಿಸೆಂಬರ್ ಇನ್ನೂ ಅರ್ಧ ಕಳೆದಿಲ್ಲ, ಯೇಸು ಕಂದ ಆಗಲೇ ಹುಲ್ಲಿನ ಮೇಲೆ ಮಲಗಿಬಿಟ್ಟಿದ್ದಾನಲ್ಲ! ‘ಅದರಿಂದ ಏನಾಯಿತು ದೊಡ್ಡಪ್ಪ, ನಿಮ್ಮ ಕಾಲದಲ್ಲಿ ಹೇಗಿತ್ತು?’ ಎಂದು ಕೇಳಿದ್ದೀಯ. ಅದು ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ. ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ ಎಲ್ಲರೂ.

ನಮ್ಮ ಮನೆಯ ಕಂದ 24ರ ರಾತ್ರಿಯವರೆಗೆ ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇರುತ್ತಿದ್ದ. ಮಾತೆ ಮರಿಯಮ್ಮ, ಜೋಸೆಫರು, ಒಂದು ಕಿವಿ ಮುರಿದ ಕತ್ತೆ, ಎಲ್ಲರೂ ಖಾಲಿ ಹುಲ್ಲನ್ನು ನೋಡುತ್ತಾ ಕಾಯಬೇಕು. ಕಂದನನ್ನು ನೋಡಲು ದೂರದಿಂದ ಬರುವ ಮೂವರು ರಾಯರಂತೂ ದೂರದ ಕಿಟಕಿಯ ಕಟ್ಟೆಯ ಮೇಲೆ. ಅವರನ್ನು ದಿನಕ್ಕಿಷ್ಟು ಸರಿಸಿ ಜನವರಿ 6ಕ್ಕೆ ತಲುಪಿಸುವುದು ನಿನ್ನ ಅಪ್ಪನ ಜವಾಬ್ದಾರಿ. ಆತುರಗಾರ, ಹೊಸ ವರ್ಷಕ್ಕೇ ತಂದು ನಿಲ್ಲಿಸಿಬಿಡುತ್ತಿದ್ದ.

ದೇವಾಲಯದಲ್ಲೂ ಹಾಗೆಯೇ. ಕ್ರಿಸ್ಮಸ್‌ಗೆ ಮುಂಚಿನ ಕಾಯುವಿಕೆಯ ದಿನಗಳಾದ ಆಗಮನ ಕಾಲದ ನಾಲ್ಕು ಭಾನುವಾರಗಳೂ ಬಲಿಪೂಜೆಯಲ್ಲಿ ಮಹಿಮಾಗೀತೆ (ದೇವರನ್ನು ಕೊಂಡಾಡುವ ‘ಗ್ಲೋರಿಯಾ’ ಹಾಡು) ಇಲ್ಲ, ಗುರುಗಳ ಮೇಲುಡುಪು ನೇರಳೆ. ಇಂದಿಗೂ ಇದೇ ಕ್ರಮ, ಯಾರೂ ಗಮನಿಸುವುದಿಲ್ಲ ಅಷ್ಟೆ. ನಮ್ಮದು ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯ. 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲು ಹಾಕಿದ್ದು. 175 ಅಡಿಯ ಆ ಅವಳಿ ಗೋಪುರಗಳನ್ನು ನೋಡಲು ಕತ್ತೆತ್ತಿದರೆ ನನ್ನ ಮಂಕಿ ಟೋಪಿ ಹಿಂದಕ್ಕೆ ಜಾರುತ್ತಿತ್ತು. ನಡುರಾತ್ರಿಯ ಪೂಜೆ ಶುರುವಾಗುವಾಗ ಅರ್ಧ ಮಕ್ಕಳು ಅಮ್ಮಂದಿರ ತೊಡೆಯ ಮೇಲೆ ನಿದ್ದೆ. ಬಿಳಿ, ಬಂಗಾರದ ಉಡುಪಿನ ಗುರುಗಳು ಮಹಿಮಾಗೀತೆ ಎತ್ತಿದರೋ ಇಲ್ಲವೋ, ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಬಾಲಕರು ಕೈಗಂಟೆಗಳನ್ನು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಬಾರಿಸುವರು. ನಾನೂ ಪೀಠಬಾಲಕನೇ. ಹಾಡು ಮುಗಿಯುವ ತನಕ ನಿಲ್ಲಿಸುವಂತಿಲ್ಲ, ಕೈ ಸೋತು ಎಡಗೈಗೆ ಬದಲಾಯಿಸಬೇಕು. ಮಲಗಿದ್ದ ಕೂಸುಗಳೆಲ್ಲ ಎದ್ದು ಒಟ್ಟಿಗೆ ಅಳುತ್ತಿದ್ದವು. ನಾಲ್ಕು ವಾರ ಬಾಯಿ ಕಟ್ಟಿ ಕೂರಿಸಿದ್ದರಿಂದಲೇ ಆ ಗದ್ದಲಕ್ಕೆ ಅಷ್ಟು ರುಚಿ ಎಂಬುದು ನನ್ನ ಅಭಿಪ್ರಾಯ. ಈಗ ನವೆಂಬರಿನಲ್ಲೇ ಅಂಗಡಿಗಳಲ್ಲಿ ಕ್ರಿಸ್ಮಸ್ ಹಾಡು ಹಾಕುತ್ತಾರೆ, 25 ಬರುವಷ್ಟರಲ್ಲಿ ಕಿವಿ ಜಡ್ಡುಗಟ್ಟಿರುತ್ತದೆ.

ಪೂಜೆಯ ಕೊನೆಗೆ ಕಂದನ ಪಾದಕ್ಕೆ ಮುತ್ತಿಡುವ ಸಾಲು. ಪ್ರತಿ ಮುತ್ತಿಗೂ ಬಿಳಿ ಬಟ್ಟೆಯಿಂದ ಒರೆಸುವುದು ನಮ್ಮ ಕೆಲಸ. ಒರೆಸಿ ಒರೆಸಿ ಆ ಪುಟ್ಟ ಹೆಬ್ಬೆರಳಿನ ಬಣ್ಣ ಹೋಗಿ ಸುಣ್ಣದ ಬಿಳುಪು ಕಾಣುತ್ತಿತ್ತು. ಉಳಿದ ಮೈಯೆಲ್ಲ ಹೊಳಪು, ಹೆಬ್ಬೆರಳು ಮಾತ್ರ ಬೋಳು.

ಇನ್ನು ಹಸಿವಿನ ಕಥೆ. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸ ಸಾಕೆಂದು 1964ರಲ್ಲೇ ರೋಮ್ ಹೇಳಿತ್ತು. ಆದರೆ ಅಜ್ಜಿ ಲ್ಯಾಟಿನ್ ಪೂಜೆಯ ಕಾಲದವರು, ಉಪವಾಸವೆಂದರೆ ನೀರೂ ಇಲ್ಲ ಎಂದು ಕಲಿತವರು. ‘ಪೋಪರು ಸಡಿಲಿಸಲಿ, ನನ್ನ ಅಡುಗೆಮನೆಯಲ್ಲಿ ಆಗದು’ ಎಂದು ಸಂಜೆಯ ಊಟ ಮುಗಿದದ್ದೇ ಕಜ್ಜಾಯದ ಡಬ್ಬಿಯನ್ನು ಅಟ್ಟಕ್ಕೆ ಏರಿಸುವರು. ಗುರುಗಳ ಪ್ರಬೋಧನೆ ನಡೆಯುವಾಗ ನಮ್ಮ ಸಾಲಿನಲ್ಲಿ ಹೊಟ್ಟೆಗಳೇ ಉತ್ತರ ಕೊಡುತ್ತಿದ್ದವು. ಮನೆಗೆ ಬಂದು ಕಂದನನ್ನು ಟ್ರಂಕಿನಿಂದ ತೆಗೆದು ಮಲಗಿಸಿ, ಪ್ರಾರ್ಥನೆ ಹೇಳಿ, ಆಮೇಲೆ ಡಬ್ಬಿ ಕೆಳಗಿಳಿಯಬೇಕು. ಆ ಪ್ರಾರ್ಥನೆಯಷ್ಟು ವೇಗವಾಗಿ ನಾವು ಇನ್ನಾವುದನ್ನೂ ಹೇಳಿದವರಲ್ಲ.

ಆದ್ದರಿಂದ ಕಂದನನ್ನು ಎತ್ತಿ ನಿನ್ನ ಅಮ್ಮನ ಬೀರುವಿನಲ್ಲಿ ಇಡು. ಫೋಟೊದಲ್ಲಿ ಪ್ಲಾಸ್ಟಿಕ್ ಹುಲ್ಲು ಕಾಣುತ್ತಿದೆ, ಅದನ್ನೂ ತೆಗೆ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಇಂದೇ ರಾಗಿ ಚೆಲ್ಲು, ನೀರು ಚಿಮುಕಿಸು, ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರು ಬರುತ್ತದೆ. ನಾನು 23ಕ್ಕೆ ಬರುತ್ತೇನೆ. ಕಜ್ಜಾಯಕ್ಕೆ ಅಕ್ಕಿ ಯಾರು ನೆನೆಸುತ್ತೀರಿ ಎಂದು ಗುಂಪಿನಲ್ಲಿ ಈಗಲೇ ಹೇಳಿ. ಹೋದ ವರ್ಷದಂತೆ ಎಲ್ಲರೂ ಹೆಬ್ಬೆಟ್ಟಿನ ಚಿತ್ರ ಹಾಕಿ ಸುಮ್ಮನಾಗಬೇಡಿ.