ಯಂಕಪ್ಪ, ವೆಂಕಪ್ಪ, ಎಂಕಪ್ಪ ಒಬ್ಬರೇ ಅಂತ ಕಂಪ್ಯೂಟರಿಗೆ ಹೇಳೋದು ಹೇಗೆ?

ಸಿಂಧನೂರು ಖಾತೆ:

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನಮ್ಮದು ಭತ್ತದ ದಲ್ಲಾಳಿ ಅಂಗಡಿ. ವ್ಯಾಪಾರ ಅಪ್ಪ ನೋಡುತ್ತಾರೆ, ಲೆಕ್ಕ ನಾನು. ಹನ್ನೊಂದು ವರ್ಷದ ಖಾತೆ ಪುಸ್ತಕಗಳನ್ನು ಎಕ್ಸೆಲ್‌ಗೆ ಏರಿಸಿದ್ದೇನೆ. ಕಷ್ಟ ಶುರುವಾಗಿದ್ದೇ ಆಮೇಲೆ. ಒಬ್ಬರೇ ರೈತರು ಒಂದು ವರ್ಷ ಯಂಕಪ್ಪ, ಮುಂದಿನ ವರ್ಷ ವೆಂಕಪ್ಪ, ಇನ್ನೊಂದು ಕಡೆ ಎಂಕಪ್ಪ. ಗುಮಾಸ್ತರು ಬದಲಾದ ಹಾಗೆ ಹೆಸರೂ ಬದಲಾಗಿದೆ. ಈರಣ್ಣ ವೀರಣ್ಣ ಆಗಿದ್ದಾರೆ, ದುರುಗಪ್ಪ ದುರ್ಗಪ್ಪ ಆಗಿದ್ದಾರೆ. ಊರುಗಳೂ ಹಾಗೇ. ಲಿಂಗಸುಗೂರು ಒಂದನ್ನೇ ಮೂರು ಥರ ಬರೆದಿದ್ದಾರೆ. ಆಂಧ್ರದ ಕಡೆಯಿಂದ ಬಂದು ನೆಲೆಸಿದ ಕ್ಯಾಂಪಿನ ಕೆಲವರ ಹೆಸರು ತೆಲುಗು ಅಕ್ಷರದಲ್ಲೇ ಇದೆ.

ಹೋದ ಸುಗ್ಗಿಯಲ್ಲಿ ಒಬ್ಬ ಹಿರಿಯರ 38 ಚೀಲದ ದುಡ್ಡನ್ನು ಇನ್ನೊಬ್ಬ ವೆಂಕಪ್ಪನವರ ಖಾತೆಗೆ ಜಮಾ ಮಾಡಿಬಿಟ್ಟೆ. 75 ಕಿಲೋದ ಚೀಲ, ಸಣ್ಣ ಮೊತ್ತವಲ್ಲ. ಅವರು ಮೂರು ಸಲ ಅಂಗಡಿಗೆ ಬಂದು ಹೋದ ಮೇಲೆ ತಪ್ಪು ಸಿಕ್ಕಿತು. ಒಂದು ಮಾತೂ ಬೈಯಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು, ಒಂದೇ ಥರ ಕೇಳಿಸುವ ಹೆಸರುಗಳಿಗೆ ಒಂದೇ ಸಂಕೇತ ಕೊಡುವ ಸೌಂಡೆಕ್ಸ್ ಹಾಕಿ ನೋಡಿದೆ. ಮೂವರು ಯಂಕಪ್ಪಗಳು ಬೇರೆ ಬೇರೆಯಾಗೇ ಉಳಿದರು. ಏನು ಮಾಡಲಿ?

ಬಳ್ಳಾರಿ ಕೋಡ್:

ಅಕ್ಕ, ಸೌಂಡೆಕ್ಸ್ ಹುಟ್ಟಿದ್ದು ಇಂಗ್ಲಿಷ್ ಹೆಸರುಗಳಿಗೆ. 1918ರಲ್ಲಿ ರಾಬರ್ಟ್ ರಸೆಲ್ ಅದಕ್ಕೆ ಪೇಟೆಂಟ್ ಪಡೆದರು. ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು, ಸ್ವರ ಬಿಟ್ಟು, ಉಳಿದ ವ್ಯಂಜನಗಳಿಗೆ ಮೂರು ಅಂಕಿ ಕೊಡುತ್ತದೆ. ನಿಮ್ಮ ಮೂರು ಹೆಸರಿಗೆ ವೈ521, ವಿ521, ಇ521 ಬರುತ್ತದೆ. ಅಂಕಿ ಮೂರರಲ್ಲೂ ಒಂದೇ! ನಮ್ಮ ಕಡೆ ಹೆಸರು ಬದಲಾಗುವುದೇ ಮೊದಲ ಅಕ್ಷರದಲ್ಲಿ. ಸೌಂಡೆಕ್ಸ್ ಗಟ್ಟಿಯಾಗಿ ಹಿಡಿದುಕೊಳ್ಳುವುದೂ ಅದನ್ನೇ.

ಲೆವೆನ್‌ಸ್ಟೈನ್ ಅಳತೆ ಅಂತ 1965ರದ್ದು ಇನ್ನೊಂದಿದೆ. ಒಂದು ಪದ ಇನ್ನೊಂದಾಗಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅಂತ ಎಣಿಸುತ್ತದೆ. ಅದನ್ನೇ ನಂಬಬೇಡಿ. ಯಂಕಪ್ಪ ವೆಂಕಪ್ಪ ಆಗಲು ಎರಡು ಹೆಜ್ಜೆ: ಯ ಹೋಗಿ ವ, ಜೊತೆಗೆ ಒಂದು ಎತ್ವ. ಯಂಕಪ್ಪ ಯಂಕಮ್ಮ ಆಗಲೂ ಎರಡೇ ಹೆಜ್ಜೆ. ಅದರ ಲೆಕ್ಕದಲ್ಲಿ ಎರಡೂ ಒಂದೇ ದೂರ, ನಮಗೆ ಹಾಗಲ್ಲ ಅಲ್ವಾ?

ತೆಲುಗಿನದು ಸುಲಭ. ಯೂನಿಕೋಡ್ ಅಂದರೆ ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ನಂಬರ್. ಅದರಲ್ಲಿ ತೆಲುಗಿನ ಕ ಅಕ್ಷರದ ನಂಬರಿಗೆ 128 ಕೂಡಿಸಿದರೆ ಕನ್ನಡದ ಕ. ಬೇರೆ ಅಕ್ಷರಗಳೂ ಹೆಚ್ಚು ಕಡಿಮೆ ಹೀಗೇ.

ಕೊಪ್ಪಳ ಮಾಸ್ತರ್:

ತಂಗಿ, ಇದಕ್ಕೆ ನಿಯಮ ನಮ್ಮ ಬಾಯಲ್ಲೇ ಇದೆ. ಹೆಸರಿನ ಮೂಲ ಹಾಗೇ ಇರಲಿ, ಪಕ್ಕದಲ್ಲಿ ಹುಡುಕಲು ಇನ್ನೊಂದು ಕಾಲಂ ಮಾಡಿ. ಅದರಲ್ಲಿ ಮೊದಲಿಗೆ ಬರುವ ವೆ, ಯೆ, ಯ ಮೂರನ್ನೂ ಎ ಮಾಡಿ. ವೀ ಇದ್ದರೆ ಈ. ಶ, ಷ ಎರಡೂ ಸ ಆಗಲಿ, ಮಹಾಪ್ರಾಣ ಅಲ್ಪಪ್ರಾಣವಾಗಲಿ. ಒತ್ತಿಲ್ಲದ ಣ ನ ಆಗಲಿ, ಆಗ ಹಣಮಂತ, ಹನಮಂತ ಕೂಡುತ್ತವೆ. ನಡುವಿನ ಗಿಡ್ಡ ಉ, ಇ, ಅ ಬಿಟ್ಟುಬಿಡಿ, ದುರುಗಪ್ಪ ದುರ್ಗಪ್ಪ ಒಂದಾಗುತ್ತಾರೆ. ಕೊನೆಯ ಅವ್ವ ಅಮ್ಮ ಆಗಲಿ. ಹುಲಿಗೆವ್ವ ಅಂದರೂ ಹುಲಿಗೆಮ್ಮ ಅಂದರೂ ಹುಲಿಗಿ ಊರಿನ ದೇವಿಯ ಹೆಸರೇ.

ಆದರೆ ಅಪ್ಪ, ಅಮ್ಮ, ಅಣ್ಣ ಮುಟ್ಟಬೇಡಿ. ದೀರ್ಘವನ್ನೂ ಮುಟ್ಟಬೇಡಿ, ಳ ಮತ್ತು ಲ ಬೆರೆಸಬೇಡಿ. ಮಾಳಪ್ಪ ಬೇರೆ, ಮಲ್ಲಪ್ಪ ಬೇರೆ. ನನ್ನ ತರಗತಿಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು.

ಸಿಂಧನೂರು ಖಾತೆ:

ಸರ್, ತಮ್ಮ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಕೂತು ಮಾಡಿದೆ. ಯಂಕಪ್ಪಗಳು ಒಂದು ಕಡೆ ಬಂದರು.

ಒಂದು ವಿಷಯ ಇಲ್ಲಿ ಬರೆದಿಡುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ. ನಿಯಮ ಹಾಕಿದ ಮೇಲೂ ಕೆಲವು ಯಂಕಪ್ಪಗಳು ಸೇರಲಿಲ್ಲ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಕಂಪ್ಯೂಟರ್ ಮಾತ್ರ ಬೇರೆ ಅನ್ನುತ್ತದೆ. ಅರ್ಧ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದೊಂದೇ ಅಕ್ಷರ ಬಿಡಿಸಿ ನೋಡಿದರೆ, ಯಂ ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದಾರೆ! ನೋಡಲು ಎರಡೂ ಒಂದೇ ದುಂಡು. ಒಳಗೆ ಬೇರೆ ಬೇರೆ ನಂಬರ್. ಹೆಸರಿನೊಳಗೆ ಅಂಕಿ ಸೊನ್ನೆ ಬಂದರೆ ಅನುಸ್ವಾರ ಮಾಡುವ ನಿಯಮವನ್ನು ಎಲ್ಲಕ್ಕಿಂತ ಮೊದಲು ಹಾಕಿ.

ಊರುಗಳಿಗೆ ನಿಯಮ ಬಿಟ್ಟೆ. ಕೈಯಿಂದಲೇ ಪಟ್ಟಿ ಮಾಡಿದೆ, ಅದೇ ಬೇಗ ಆಯಿತು.

ಖಾತೆಗಳನ್ನು ಮಾತ್ರ ತಾನಾಗಿ ಕೂಡಿಸಲು ಬಿಟ್ಟಿಲ್ಲ. ಹೆಸರು, ತಂದೆ ಹೆಸರು, ಊರು ಮೂರೂ ಹೊಂದಿದರೂ ಸಾಲು ಹಳದಿ ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಆ ರೈತರು ಅಂಗಡಿಗೆ ಬಂದಾಗ ಅಪ್ಪ ಕೇಳುತ್ತಾರೆ, ಆಮೇಲೆ ನಾನು ಕೂಡಿಸುತ್ತೇನೆ. ನಿನ್ನೆ ಹಾಗೆ ಕೇಳಿದಾಗ ಇಬ್ಬರು ಬೇರೆ ಬೇರೆಯವರೇ ಅಂತ ಗೊತ್ತಾಯಿತು. ಒಂದೇ ಊರು, ತಂದೆ ಹೆಸರೂ ಒಂದೇ, ಮನೆತನ ಬೇರೆ. ಅಡ್ಡಹೆಸರಿಗೆ ಇವತ್ತು ಇನ್ನೊಂದು ಕಾಲಂ ಹಾಕಿದ್ದೇನೆ. ಊರಿನ ಪಟ್ಟಿ ಯಾರಿಗಾದರೂ ಬೇಕಿದ್ದರೆ ಹೇಳಿ, ಕಳಿಸುತ್ತೇನೆ.